ನ್ಯೂಜೆರ್ಸಿಯ ಹಿತ್ತಲಲ್ಲಿ ಬಾಳೆಗೆ ಚಳಿಗಾಲ ದಾಟಿಸುವ ಬಗೆ

ಬಾಳೆ ಕಾಂಡದಲ್ಲಿ ಮರ ಅನ್ನುವುದೇ ಇಲ್ಲ. ಒಂದರ ಮೇಲೊಂದು ಸುತ್ತಿಕೊಂಡ ಪಟ್ಟೆಗಳು, ಅವುಗಳ ತುಂಬ ನೀರು. ಆ ನೀರು ಹೆಪ್ಪುಗಟ್ಟಿ ಪಟ್ಟೆ ಒಡೆದರೆ, ಬಿಸಿಲು ಬಂದ ಮೇಲೆ ಕಾಂಡ ಬೆಂದ ಬದನೆಕಾಯಿಯಂತೆ ಮೆತ್ತಗಾಗುತ್ತದೆ. ಆದರೆ ಹೂ ಬಿಡುವ ಕಾಲದವರೆಗೂ ಸುಳಿಯ ಮೂಲ ಇರುವುದು ನೆಲಮಟ್ಟದ ಗಡ್ಡೆಯಲ್ಲಿ. ಗಡ್ಡೆ ಉಳಿದರೆ ಗಿಡ ಉಳಿಯಿತು. ಕಾಂಡವೂ ಉಳಿದರೆ ಜೂನ್ ಹೊತ್ತಿಗೇ ಊಟದ ಎಲೆ ಸಿಗುತ್ತದೆ. ಬರೀ ಗಡ್ಡೆಯಾದರೆ ಆಗಸ್ಟ್‌ವರೆಗೆ ಕಾಯಬೇಕು.

ಹಿತ್ತಲಲ್ಲೇ ಬಿಡಲು ನಾನು ಬೆಳೆಸುವುದು ಚಳಿ ತಾಳುವ ಮೂಸಾ ಬಾಸ್ಜೂ ಬಾಳೆ. ಕಾಯಿ ತಿನ್ನಲು ಬಾರದು, ಬೀಜವೇ ಜಾಸ್ತಿ. ಎಲೆಗಾಗಿ ಮಾತ್ರ ಇದು. ಮನೆಯ ದಕ್ಷಿಣ ಗೋಡೆಯ ಪಕ್ಕ, ನೀರು ನಿಲ್ಲದ ಜಾಗದಲ್ಲಿ ನೆಡಬೇಕು.

ಮೊದಲ ಹಿಮ ಬಿದ್ದು ಎಲೆ ಕಪ್ಪಾಗುವವರೆಗೆ ಕತ್ತಿ ಮುಟ್ಟುವುದಿಲ್ಲ. ಕಪ್ಪಾದ ವಾರದೊಳಗೆ, ಕಾಂಡಕ್ಕೇ ಪೆಟ್ಟಾಗುವಂಥ ಚಳಿ ಬೀಳುವ ಮುಂಚೆ, ಎಲೆಗಳನ್ನೆಲ್ಲ ತೆಗೆದು ಕಾಂಡವನ್ನು ಮೂರೂವರೆ ಅಡಿಗೆ ಕೊಯ್ಯುತ್ತೇನೆ. ಹಳೆ ಬಟ್ಟೆ ಹಾಕಿಕೊಳ್ಳಿ, ಬಾಳೆ ಕರೆ ತೊಳೆದರೂ ಹೋಗುವುದಿಲ್ಲ. ಕೊಯ್ದ ಬಾಯಿಗೆ ಒಂದೆರಡು ದಿನ ಗಾಳಿಯಾಡಲು ಬಿಟ್ಟು, ಆಮೇಲೆ ಪ್ಲಾಸ್ಟಿಕ್ ಕುಂಡ ಮಗುಚಿ ಹಾಕುತ್ತೇನೆ.

ನಾಲ್ಕು ಅಡಿ ಎತ್ತರದ ತಂತಿ ಜಾಲರಿ 14 ಅಡಿ ಉದ್ದ ತೆಗೆದುಕೊಂಡರೆ ಸುಮಾರು ನಾಲ್ಕೂವರೆ ಅಡಿ ಅಗಲದ ಪಂಜರವಾಗುತ್ತದೆ. ಅದನ್ನು ಕಾಂಡದ ಸುತ್ತ ನಿಲ್ಲಿಸಿ, ಮೂರು ಗೂಟಕ್ಕೆ ಬಿಗಿದು ಕಟ್ಟಿ, ಒಳಗೆ ಒಣ ತರಗೆಲೆ ತುಂಬುವುದು. ಓಕ್ ಎಲೆ ಸಿಕ್ಕಿದರೆ ಬಿಡಬೇಡಿ: ಗಡುಸಾದ್ದರಿಂದ ಎಲೆಗಳ ನಡುವೆ ಗಾಳಿ ಉಳಿಯುತ್ತದೆ, ಚಳಿ ತಡೆಯುವುದೇ ಆ ಗಾಳಿ. ಮೇಪಲ್ ಎಲೆ ಒದ್ದೆಯಾದರೆ ರೊಟ್ಟಿಯಂತೆ ಒತ್ತಿ ಅಂಟಿಕೊಳ್ಳುತ್ತದೆ. ಇಷ್ಟು ಪಂಜರಕ್ಕೆ ಅಂಗಳದ ಕಸದ ದೊಡ್ಡ ಕಾಗದದ ಚೀಲದಲ್ಲಿ 18-20 ಚೀಲ ಎಲೆ ಬೇಕು. ಎರಡು ವಾರದಲ್ಲಿ ಒಂದಡಿ ಕುಸಿಯುತ್ತದೆ, ಮತ್ತೆ ತುಂಬಬೇಕು.

ಟಾರ್ಪಾಲನ್ನು ಮೇಲೆ ಮಾತ್ರ, ಒಂದು ಕಡೆ ಇಳಿಜಾರಾಗಿ ಕಟ್ಟಿ. ಸುತ್ತಲೂ ಪ್ಲಾಸ್ಟಿಕ್ ಬಿಗಿದರೆ ಹಗಲಿನ ಬಿಸಿಲಿಗೆ ಒಳಗೆ ಬೆವರಿ, ರಾತ್ರಿ ಅದೇ ನೀರು ಕಾಂಡದ ಮೇಲೆ ಹೆಪ್ಪುಗಟ್ಟುತ್ತದೆ. ಏಪ್ರಿಲ್‌ನಲ್ಲಿ ಬಿಚ್ಚಿದಾಗ ಕೊಳೆತ ವಾಸನೆ ಬಂದರೆ, ಹೆಚ್ಚಿನ ಸಲ ಅದು ಚಳಿಯ ಪೆಟ್ಟಲ್ಲ, ತೇವದ್ದು.

ಏಲಕ್ಕಿ, ಕ್ಯಾವೆಂಡಿಶ್‌ನಂಥ ತಿನ್ನುವ ತಳಿಗಳಿಗೆ ಈ ಪಂಜರ ಸಾಲದು. ಅವನ್ನು ಹಿಮಕ್ಕೆ ಮುಂಚೆಯೇ ಗಡ್ಡೆ ಸಮೇತ ಅಗೆದು, ಸುಳಿಯೆಲೆ ಒಂದನ್ನು ಬಿಟ್ಟು ಉಳಿದದ್ದು ಕೊಯ್ದು, ಎರಡು ದಿನ ತಲೆಕೆಳಗಾಗಿ ಒರಗಿಸಿ ನೀರು ಸೋರಿಸಿ, 7ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವ ಕತ್ತಲ ಗ್ಯಾರೇಜಿನಲ್ಲಿಡಿ. ನೀರು ಹಾಕಬೇಡಿ. ಹೀಟರ್ ಉರಿಯುವ ಬೇಸ್‌ಮೆಂಟಿನಲ್ಲಿಟ್ಟರೆ ಕತ್ತಲಲ್ಲೇ ಬಿಳಿಚಿದ ಸುಳಿ ಹೊರಟು ಗಡ್ಡೆ ಸೊರಗುತ್ತದೆ.

ಏಪ್ರಿಲ್ ಮೊದಲ ವಾರ ಪಂಜರದ ಅರ್ಧ ತರಗೆಲೆ ತೆಗೆಯುವುದು, ಹಿಮದ ಭಯ ಪೂರ್ತಿ ಹೋದ ಮೇಲೆ ಉಳಿದದ್ದು. ಆಗ ಕಾಂಡವನ್ನು ಮೇಲಿಂದ ಎರಡೆರಡು ಇಂಚು ಬಿಲ್ಲೆ ಕೊಯ್ಯುತ್ತ ಬನ್ನಿ. ನಡುವೆ ಕಂದು ಬಣ್ಣ ಇದ್ದರೆ ಇನ್ನೂ ಕೆಳಗೆ. ಕೆನೆಬಿಳಿ ಕಂಡಲ್ಲಿ ನಿಲ್ಲಿಸಿ. ಬೆಚ್ಚನೆಯ ದಿನವಾದರೆ, ಮರುದಿನ ಬೆಳಗ್ಗೆ ಕೊಯ್ದ ಬಾಯಿಯ ನಟ್ಟನಡುವೆ ಸುಳಿ ಬೆರಳುದ್ದ ಮೇಲೆ ಬಂದಿರುತ್ತದೆ.