ಎಂಜಿನ್‌ಗೆ ಹಿಡಿದ ಕಾರ್ಬನ್: ಮನೆಯಂಗಳದಲ್ಲಿ ಎಷ್ಟು ತೆಗೆಯಬಹುದು?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. "ಕಾರ್ಬನ್ ಹಿಡಿದಿದೆಯಂತೆ, ಎಂಜಿನ್ ಬಿಚ್ಚಬೇಕಂತೆ" ಎಂದು ಗಾಬರಿಯಿಂದ ಬರುವವರನ್ನು ನಾನು ಮೊದಲು ಕೇಳುವುದು, ದಿನಕ್ಕೆ ಕಾರು ಎಷ್ಟು ದೂರ ಓಡುತ್ತದೆ ಎಂದು. ಬಹುಪಾಲು ಉತ್ತರ ಒಂದೇ: ಮನೆಯಿಂದ ಮಕ್ಕಳ ಶಾಲೆ, ಅಲ್ಲಿಂದ ಮಾರುಕಟ್ಟೆ, ಮತ್ತೆ ಮನೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆರಿಸಿಬಿಡುತ್ತಾರೆ. ತಣ್ಣಗಿರುವ ಎಂಜಿನ್‌ಗೆ ಅದರ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಅದು ಸರಿಯಾಗಿ ಉರಿಯದೆ ಮಸಿಯಾಗಿ, ಕಿಡಿ ಹೊತ್ತಿಸುವ ಪ್ಲಗ್ ಮೇಲೆ, ಪಿಸ್ಟನ್ ತಲೆಯ ಮೇಲೆ ಕೂರುತ್ತದೆ. ಪ್ಲಗ್‌ನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರಷ್ಟೇ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ನಿಧಾನದ ಎರಡು ಮೂರು ಕಿಲೋಮೀಟರ್ ಓಟದಲ್ಲಿ ಅಷ್ಟು ಬಿಸಿ ನಿಲ್ಲುವುದಿಲ್ಲ.

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿ ಕಾರ್ಬನ್ ಕೆರೆಯುವುದು ವಾಡಿಕೆಯ ಕೆಲಸವಾಗಿತ್ತು. ಈಗಿನ ಪೆಟ್ರೋಲ್ ಕಾರುಗಳಿಗೆ ಅದು ಬೇಕಾಗುವುದು ಅಪರೂಪ. ಮನೆಯಲ್ಲಿ ಮಾಡಬಹುದಾದದ್ದು ಸಾಕಷ್ಟಿದೆ. ಆದರೆ ಕಾರ್ಬನ್ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಉಜ್ಜಲು ಹೊರಟರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ.

ವಿದ್ಯಾನಗರದ ಶಿಕ್ಷಕಿಯೊಬ್ಬರ ಕಾರಿನಲ್ಲಿ ಎಷ್ಟು ಸಲ ಹೊಸ ಪ್ಲಗ್ ಹಾಕಿದರೂ ಕಪ್ಪಾಗುತ್ತಿದ್ದವು. ಮೀಟರಿನಲ್ಲಿ ಬಿಸಿಯ ಮುಳ್ಳು ಅರ್ಧಕ್ಕೆ ಬರುತ್ತದೆಯೇ ಎಂದು ಕೇಳಿದೆ. ಬರುವುದೇ ಇಲ್ಲ ಎಂದರು. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ತಡೆದಿಡಬೇಕಾದ ಥರ್ಮೋಸ್ಟ್ಯಾಟ್ ತೆರೆದೇ ನಿಂತಿತ್ತು. ಎಂಜಿನ್ ಸದಾ ತಣ್ಣಗೆ, ಪೆಟ್ರೋಲ್ ಸದಾ ಜಾಸ್ತಿ. ಅದನ್ನು ಬದಲಿಸಿದ ಮೇಲೆ ಪ್ಲಗ್‌ಗಳು ತಿಳಿಕಂದು ಬಣ್ಣಕ್ಕೆ ಬಂದವು. ಕಾರ್ಬನ್ ತೆಗೆಯುವ ಯಾವ ಬಾಟಲಿಯೂ ಆ ಕೆಲಸ ಮಾಡುತ್ತಿರಲಿಲ್ಲ. ನೀವೂ ಮೊದಲು ಆ ಮುಳ್ಳು ನೋಡಿ, ಆಮೇಲೆ ಡಿಪ್‌ಸ್ಟಿಕ್ ಎಳೆದು ಎಂಜಿನ್ ಆಯಿಲ್ ಬೇಗ ಇಳಿಯುತ್ತಿದೆಯೇ ನೋಡಿ.

ಇನ್ನು ಕೈ ಹಾಕುವ ಕೆಲಸ. ಮೊದಲನೆಯದು ಥ್ರಾಟಲ್ ಬಾಡಿ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆದು ಬಿಡುವ ಬಾಗಿಲು. ಚೆನ್ನಮ್ಮ ವೃತ್ತದ ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡು ನಿಂತಾಗ ಕಾರು ನಡುಗಿದರೆ, ಆರಿಹೋಗುವ ಹಾಗೆ ಮಾಡಿದರೆ, ನಾನು ಮೊದಲು ನೋಡುವ ಜಾಗ ಇದು. ಏರ್ ಫಿಲ್ಟರ್‌ನಿಂದ ಬರುವ ರಬ್ಬರ್ ಕೊಳವೆಯ ಕ್ಲಿಪ್ ಸಡಿಲಿಸಿ ಒಳಗೆ ಟಾರ್ಚ್ ಬಿಡಿ. ದುಂಡನೆಯ ಲೋಹದ ತಟ್ಟೆಯೊಂದು ಕಾಣುತ್ತದೆ. ಆ ತಟ್ಟೆ ಗೋಡೆಗೆ ತಾಗುವ ಅಂಚಿನಲ್ಲಿ ಸಣ್ಣ ಚಂದ್ರಾಕಾರದ ಕಪ್ಪು ಜಿಗುಟು ಕೂತಿರುತ್ತದೆ. ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ, ಹಲವು ಕಾರುಗಳಲ್ಲಿ ಎಂಜಿನ್‌ಗೆ ಉಸಿರು ಹೋಗುವುದು ಆ ಕೂದಲೆಳೆಯಷ್ಟು ಸಂದಿಯಿಂದಲೇ. ಅಲ್ಲಿ ಜಿಗುಟು ಕಟ್ಟಿದರೆ ಐಡ್ಲಿಂಗ್ ಕುಸಿಯುತ್ತದೆ.

ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಥ್ರಾಟಲ್ ಬಾಡಿ ಕ್ಲೀನರ್ ಎಂದೇ ಬರೆದ ಡಬ್ಬಿ ತನ್ನಿ. ಕಾರ್ಬ್ಯುರೇಟರ್ ಕ್ಲೀನರ್ ಕೆಲವು ತಟ್ಟೆಗಳ ಲೇಪನಕ್ಕೂ ರಬ್ಬರಿಗೂ ಒಳ್ಳೆಯದಲ್ಲ. ಸ್ಪ್ರೇಯನ್ನು ನೇರ ಒಳಗೆ ಹೊಡೆಯದೆ ನೂಲು ಬಿಡದ ಬಟ್ಟೆಗೆ ಹೊಡೆದು ಒರೆಸಿ. ಮೂಲೆಗೆ ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಶ್ ಸಾಕು. ಕೆಲವು ಕಂಪನಿಗಳು ಗಾಳಿ ಸೋರದಂತೆ ಅಂಚಿಗೆ ಕಪ್ಪು ಲೇಪನ ಕೊಟ್ಟಿರುತ್ತವೆ, ಆದ್ದರಿಂದ ಲೋಹ ಹೊಳೆಯುವವರೆಗೆ ತಿಕ್ಕಬೇಡಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ತಟ್ಟೆಯನ್ನು ಸ್ಕ್ರೂಡ್ರೈವರ್‌ನಿಂದ ಮೀಟಲೇಬೇಡಿ, ಒಳಗೆ ಪ್ಲಾಸ್ಟಿಕ್ ಗೇರ್‌ಗಳಿರುತ್ತವೆ. ಬೆರಳಿನಿಂದಲೂ ಒತ್ತಡ ಹಾಕದೆ ಎದುರಿನ ಮುಖ, ಅಂಚು ಒರೆಸಿ ಬಿಟ್ಟರೆ ಮುಕ್ಕಾಲು ಕೆಲಸ ಮುಗಿಯುತ್ತದೆ. ಮರುಜೋಡಿಸಿ ಚಾಲೂ ಮಾಡಿದಾಗ ಐಡ್ಲಿಂಗ್ ಸ್ವಲ್ಪ ಏರಿಳಿಯಬಹುದು. ಹೊಸ ಸಂದಿಯ ಅಳತೆಯನ್ನು ಕಂಪ್ಯೂಟರ್ ಕಲಿಯುತ್ತಿರುತ್ತದೆ. ಕೆಲವು ಕಾರುಗಳಿಗೆ ಈ ಕಲಿಕೆಯನ್ನು ಸ್ಕ್ಯಾನರ್‌ನಿಂದಲೇ ಮಾಡಿಸಬೇಕು. ಕೈಪಿಡಿ ನೋಡಿಕೊಂಡು ಶುರು ಮಾಡಿ.

ಆ ಜಿಗುಟು ಎಲ್ಲಿಯದು? ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ತಳಭಾಗದ) ಆಯಿಲ್ ಆವಿ, ಅದನ್ನು ಹೊರಬಿಡುವ ಪಿಸಿವಿ ಎಂಬ ವಾಲ್ವ್ ದಾಟಿ ಗಾಳಿಯ ದಾರಿಗೆ ಸೇರುತ್ತದೆ. ಅದಕ್ಕೆ ದೂಳು ಸೇರಿದರೆ ಮಸಿ ಗಟ್ಟಿಯಾಗುತ್ತದೆ. ಗದಗ, ಅಣ್ಣಿಗೇರಿ ಕಡೆಯಿಂದ ಹೊಲದ ದಾರಿ ತುಳಿದು ಬರುವ ಕಾರುಗಳಲ್ಲಿ ಎರೆಮಣ್ಣಿನ ನುಣುಪು ದೂಳು ಫಿಲ್ಟರ್ ಡಬ್ಬಿಯ ಮೂಲೆ ಮೂಲೆಯಲ್ಲೂ ಇರುತ್ತದೆ. ಫಿಲ್ಟರ್ ಅಗ್ಗದ್ದಾದರೂ ಅದರ ರಬ್ಬರ್ ಅಂಚು ಸರಿಯಾಗಿ ಕೂರಬೇಕು, ಕ್ಲಿಪ್‌ಗಳೆಲ್ಲ ಬಿದ್ದಿರಬೇಕು. ಇದನ್ನು ನೋಡುವುದಕ್ಕೆ ಹಣವೂ ಬೇಡ, ಮೆಕ್ಯಾನಿಕ್ ಕೂಡ ಬೇಡ. ಹಲವು ಎಂಜಿನ್‌ಗಳಲ್ಲಿ ಪಿಸಿವಿ ವಾಲ್ವ್ ಕಳಚಿ ಅಲ್ಲಾಡಿಸಿದರೆ ಟಕಟಕ ಸದ್ದು ಬರಬೇಕು; ಬರದಿದ್ದರೆ ಬದಲಿಸಿ.

ಎರಡನೆಯದು ಪ್ಲಗ್. ಇದೂ ತಣ್ಣಗಿದ್ದಾಗಲೇ ಬಿಚ್ಚಬೇಕು, ಅಲ್ಯೂಮಿನಿಯಂ ಹೆಡ್‌ನ ತಿರುಪು ಸುತ್ತುಗಳು ಬಿಸಿಯಲ್ಲಿ ಕಿತ್ತು ಬಂದರೆ ದುಬಾರಿ. ಬಿಚ್ಚುವ ಮೊದಲು ಪ್ಲಗ್ ಕೂತ ಗುಣಿಯ ಕಸವನ್ನು ಗಾಳಿ ಹೊಡೆದು ತೆಗೆಯಿರಿ. ಯಾವ ಪ್ಲಗ್ ಯಾವ ಸಿಲಿಂಡರಿನದು ಎಂದು ಸಾಲಾಗಿ ಇಟ್ಟುಕೊಂಡು ನೋಡಿ. ಒಣ, ಕರಿ ಪುಡಿಯಂಥ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಥವಾ ಓಟ ಚಿಕ್ಕದು. ಒದ್ದೆ ಎಣ್ಣೆಯ ಕಪ್ಪಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ದಾಟಿ ಆಯಿಲ್ ಬರುತ್ತಿದೆ, ಅದು ಮನೆಯ ಕೆಲಸವಲ್ಲ. ತಿಳಿಕಂದು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ, ಮುಟ್ಟದೆ ಹಾಕಿಬಿಡಿ. ಇರಿಡಿಯಂ ಪ್ಲಗ್‌ಗೆ ತಂತಿ ಬ್ರಶ್ ತಾಗಿಸಬೇಡಿ, ತುದಿ ಬಹಳ ಸೂಕ್ಷ್ಮ. ಮತ್ತೆ ಹಾಕುವಾಗ ಮೊದಲ ಸುತ್ತುಗಳೆಲ್ಲ ಕೈಯಿಂದಲೇ ತಿರುಗಲಿ.

ಟ್ಯಾಂಕಿಗೆ ಹಾಕುವ ಬಾಟಲಿಗಳ ಬಗ್ಗೆ ದಿನವೂ ಯಾರಾದರೂ ಕೇಳುತ್ತಾರೆ. ಲೇಬಲ್‌ನಲ್ಲಿ ಪಾಲಿಈಥರ್‌ಅಮೈನ್ ಎಂಬ ಹೆಸರಿದ್ದರೆ ನಾನು ಒಪ್ಪುತ್ತೇನೆ. ಅದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್, ಉರಿಯುವ ಕೋಣೆ ಮೂರನ್ನೂ ನಿಧಾನವಾಗಿ ತೊಳೆಯುತ್ತದೆ. ಬಾಟಲಿಯ ಮೇಲಿನ ಅಳತೆ ಮೀರಬೇಡಿ, ಮೊದಲು ಅದನ್ನು ಸುರಿದು ಆಮೇಲೆ ಪೆಟ್ರೋಲ್ ತುಂಬಿಸಿ, ಮುಂದಿನ ಆಯಿಲ್ ಬದಲಾವಣೆಗೆ ತುಸು ಮುಂಚೆ ಬಳಸಿ. ಆದರೆ ನೇರ ಇಂಜೆಕ್ಷನ್‌ನ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಪೆಟ್ರೋಲ್ ವಾಲ್ವ್‌ನ ಬೆನ್ನಿಗೆ ತಾಗುವುದೇ ಇಲ್ಲ, ನೇರ ಸಿಲಿಂಡರಿಗೆ ಬೀಳುತ್ತದೆ. ವಾಲ್ವ್ ಬೆನ್ನಿಗೆ ಕಟ್ಟಿದ ಕಾರ್ಬನ್‌ಗೆ ಟ್ಯಾಂಕಿನ ಔಷಧಿ ಮುಟ್ಟುವುದಿಲ್ಲ. ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತೆಗೆಯುವ ವಿಧಾನವಿದೆ, ಅದು ಕಾರ್ಯಾಗಾರದ ಕೆಲಸ.

ಇವೆಲ್ಲಕ್ಕಿಂತ ನನಗೆ ಹೆಚ್ಚು ನಂಬಿಕೆ ಇರುವುದು ಹೆದ್ದಾರಿಯ ಮೇಲೆ. ಆಯಿಲ್, ಕೂಲೆಂಟ್ ನೋಡಿಕೊಂಡು ಒಂದು ಭಾನುವಾರ ಬೆಳಿಗ್ಗೆ ಹಾವೇರಿ ಕಡೆ ಹೊರಡಿ. ಮುಳ್ಳು ಅರ್ಧಕ್ಕೆ ಬರುವವರೆಗೆ ಮೆಲ್ಲಗೆ ಓಡಿಸಿ. ವರೂರು ದಾಟಿದ ಮೇಲೆ ವೇಗದ ಮಿತಿಯೊಳಗೇ ಒಂದು ಗೇರ್ ಕೆಳಗಿಟ್ಟು, ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಆಸುಪಾಸಿನಲ್ಲಿ ಸುಮಾರು ಅರ್ಧ ಗಂಟೆ ಎಳೆಯಲಿ. ಶಿಗ್ಗಾಂವಿ ದಾಟುವಷ್ಟರಲ್ಲಿ ಮೆತ್ತನೆಯ ಮಸಿ ಉರಿದು ಹೋಗಿರುತ್ತದೆ, ಆಯಿಲ್‌ನಲ್ಲಿ ಸೇರಿದ ನೀರಿನಂಶ ಆವಿಯಾಗಿರುತ್ತದೆ. ವರ್ಷಗಟ್ಟಲೆ ಕಲ್ಲಾದ ಕಾರ್ಬನ್ ಇದರಿಂದ ಹೋಗುವುದಿಲ್ಲ, ಹೊಸದು ಕಲ್ಲಾಗುವುದು ನಿಲ್ಲುತ್ತದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುವ ಬಿಎಸ್6 ಡೀಸೆಲ್ ಕಾರಿಗಂತೂ ಇಂಥ ಓಟ ಆಗಾಗ ಬೇಕೇ ಬೇಕು. ಆ ಫಿಲ್ಟರ್ ಮಸಿ ಸುಡುತ್ತಿರುವಾಗ ನಡುವೆ ಎಂಜಿನ್ ಆರಿಸಬೇಡಿ.

ಓಡುತ್ತಿರುವ ಎಂಜಿನ್‌ಗೆ ಕೊಳವೆಯಿಂದ ನೀರು ಕುಡಿಸುವ ವಿಡಿಯೊಗಳನ್ನು ದಯವಿಟ್ಟು ಅನುಸರಿಸಬೇಡಿ. ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದು. ತುಸು ಹೆಚ್ಚು ಹೋದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಪ್ಲಗ್ ತೂತಿನಲ್ಲಿ ಸೀಮೆಎಣ್ಣೆ ಸುರಿದು ರಾತ್ರಿಯಿಡೀ ಬಿಟ್ಟರೆ ಅದು ರಿಂಗ್ ದಾಟಿ ಎಂಜಿನ್ ಆಯಿಲ್ ತೆಳುಮಾಡುತ್ತದೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಓಡುವ ಡೀಸೆಲ್ ಎಂಜಿನ್‌ನ ಗಾಳಿ ದಾರಿಗೆ ಉರಿಯುವ ಸ್ಪ್ರೇ ಹೊಡೆದರೆ ಎಂಜಿನ್ ಹಿಡಿತ ತಪ್ಪಿ ಸುತ್ತಬಹುದು. ಕ್ಲೀನರ್ ಬಳಸಿದ ಬಟ್ಟೆಯನ್ನು ಗ್ಯಾಸ್ ಒಲೆ, ದೇವರ ದೀಪದ ಹತ್ತಿರ ತರಬೇಡಿ.

ಇಷ್ಟು ಮಾಡಿದ ಮೇಲೂ ಏರುದಾರಿಯಲ್ಲಿ ಎಂಜಿನ್ನಿನ ಕಟಕಟ ಸದ್ದು ನಿಲ್ಲದಿದ್ದರೆ ಸ್ಕ್ಯಾನ್ ಮಾಡಿಸಿ. ಚೆಕ್ ಎಂಜಿನ್ ದೀಪ ಮಿಣುಕದೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಬನ್ನಿ. ಮಿಣುಕುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ ಫೋನ್ ಮಾಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತಿರುತ್ತದೆ, ಮತ್ತು ಅದರ ಬೆಲೆ ಈ ಎಲ್ಲ ಕೆಲಸಗಳನ್ನು ಸೇರಿಸಿದರೂ ಹೆಚ್ಚು.