ಹಳೆಯ ಪ್ರಿಯಸ್‌ನ ಬಂದುಹೋಗುವ ಬ್ಯಾಟರಿ ದೋಷ: ಮೂಲ ಹುಡುಕಿದ ಬಗೆ

ನನ್ನದು 2006ರ ಟೊಯೋಟ ಪ್ರಿಯಸ್, ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್. ಕ್ಯಾಲಿಫೋರ್ನಿಯಾದ ಟ್ರೇಸಿಗೂ ಫ್ರೀಮಾಂಟ್‌ಗೂ ನಡುವೆ ಓಡುವ ಕಾರು. ದಾರಿಯಲ್ಲಿ ಆಲ್ಟಮಾಂಟ್ ಕಣಿವೆಯ ಏರು ಸಿಗುತ್ತದೆ. ಬೇಸಿಗೆಯ ಸಂಜೆಗಳಲ್ಲಿ ಆ ಏರು ಹತ್ತುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನ ಹೊತ್ತಿಕೊಳ್ಳುತ್ತಿತ್ತು. ಕಾರು ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಮಾಯ. ಆಮೇಲೆ ಎಷ್ಟೋ ದಿನ ಏನೂ ಆಗದಂತೆ ಓಡುತ್ತಿತ್ತು.

ಗ್ಯಾರೇಜಿನಲ್ಲಿ ಪಿ0ಎ80 ಎಂಬ ದೋಷಸಂಕೇತ ಸಿಕ್ಕಿತು. ಇಡೀ ಹೈಬ್ರಿಡ್ ಬ್ಯಾಟರಿ ಬದಲಿಸಬೇಕು ಎಂದರು. ಆ ಸಂಕೇತಕ್ಕೆ ಕೊಟ್ಟಿರುವ ವಿವರಣೆಯೂ ಅದೇ. ಆದರೆ ಬ್ಯಾಟರಿಯ ಒಳವಿಭಾಗಗಳಾದ ಬ್ಲಾಕ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಮಿತಿ ಮೀರಿತು ಎಂಬುದಷ್ಟೇ ಕಾರಿನ ಕಂಪ್ಯೂಟರಿಗೆ ಗೊತ್ತು. ಏಕೆ ಮೀರಿತು ಎಂಬುದನ್ನು ಮನುಷ್ಯರೇ ಹುಡುಕಬೇಕು. ದೋಷ ಬಂದುಹೋಗುತ್ತಿರುವಾಗಲಂತೂ ಈ ಹುಡುಕಾಟವನ್ನು ಬಿಟ್ಟು ಹೊಸ ಬ್ಯಾಟರಿಗೆ ಹಣ ಸುರಿಯಲು ನನಗೆ ಮನಸ್ಸಾಗಲಿಲ್ಲ.

ಮೊದಲು ನೋಡಿದ್ದು ಡಿಕ್ಕಿಯ ಬಲಮೂಲೆಯಲ್ಲಿರುವ 12 ವೋಲ್ಟಿನ ಸಣ್ಣ ಬ್ಯಾಟರಿ. ಅದು ಸೊರಗಿದರೆ ಈ ಕಾರು ಸಂಬಂಧವಿಲ್ಲದ ದೂರುಗಳನ್ನೆಲ್ಲ ಹೇಳತೊಡಗುತ್ತದೆ. ರಾತ್ರಿಯಿಡೀ ನಿಂತ ಮೇಲೂ 12.6 ವೋಲ್ಟ್ ಇತ್ತು, ಕಾರು ಚಾಲೂ ಇದ್ದಾಗ 13.9. ಅದರ ತಂಟೆಯಿಲ್ಲ. ಹಿಂದಿನ ಸೀಟಿನ ಪಕ್ಕದ ಗಾಳಿಕಿಂಡಿಯೊಳಗೆ ಹೈಬ್ರಿಡ್ ಬ್ಯಾಟರಿ ತಂಪಾಗಿಸುವ ಫ್ಯಾನ್ ಇದೆ. ಅದಕ್ಕೆ ಅಂಟಿದ್ದ ಧೂಳನ್ನು ತೆಗೆದೆ. ದೋಷ ಹಾಗೆಯೇ ಉಳಿಯಿತು.

ಹೈಬ್ರಿಡ್ ಬ್ಯಾಟರಿಯ ಪ್ಯಾಕಿನಲ್ಲಿ 28 ನಿಕಲ್ ಮೆಟಲ್ ಹೈಡ್ರೈಡ್ ಮಾಡ್ಯೂಲ್‌ಗಳು, ಅಂದರೆ ಸಣ್ಣ ಬ್ಯಾಟರಿಗಳು, ಇವೆ. ಒಂದೊಂದೂ 7.2 ವೋಲ್ಟ್, ಸಾಲಾಗಿ ಜೋಡಿಸಿದಾಗ 201.6. ಕಂಪ್ಯೂಟರ್ ಎರಡೆರಡು ಮಾಡ್ಯೂಲ್‌ಗಳನ್ನು ಒಂದು ಬ್ಲಾಕ್ ಎಂದು ಹಿಡಿದು 14 ಬ್ಲಾಕ್‌ಗಳ ವೋಲ್ಟೇಜನ್ನು ಅಳೆಯುತ್ತದೆ. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಹದಿನಾಲ್ಕೂ ಅಂಕಿಗಳು ಮೊಬೈಲಿನಲ್ಲಿ ಕಾಣುತ್ತವೆ. ನಿಂತ ಕಾರಿನಲ್ಲಿ ಎಲ್ಲವೂ ಸರಿಸಮ. ವಿಶ್ರಾಂತಿಯಲ್ಲಿರುವ ಬ್ಯಾಟರಿಯ ವೋಲ್ಟೇಜನ್ನು ನಾನು ಯಾವತ್ತೂ ನಂಬುವುದಿಲ್ಲ. ಹೊರೆ ಬಿದ್ದಾಗಲೇ ಅದರ ನಿಜ ಗೊತ್ತಾಗುವುದು. ಹಾಗಾಗಿ ಹೆಂಡತಿಯ ಕೈಗೆ ಸ್ಟಿಯರಿಂಗ್ ಕೊಟ್ಟು, ಪಕ್ಕದಲ್ಲಿ ಕುಳಿತು, ಆಲ್ಟಮಾಂಟ್ ಏರಿನುದ್ದಕ್ಕೂ ಅಂಕಿಗಳನ್ನು ದಾಖಲಿಸಿದೆ.

ರಸ್ತೆ ಒರಟಾದ ಕಡೆ ಕಾರು ಕುಲುಕಿದಾಗ ಒಂಬತ್ತನೇ ಬ್ಲಾಕ್ 13.6ಕ್ಕೆ ಇಳಿಯಿತು. ಉಳಿದವು 15ರ ಆಸುಪಾಸಿನಲ್ಲಿದ್ದವು. ನನ್ನ ಕಣ್ಣು ನಿಂತದ್ದು ಹತ್ತನೆಯದರ ಮೇಲೆ: ಅದೇ ಗಳಿಗೆಯಲ್ಲಿ ಅದು 16.4 ತೋರಿಸಿತ್ತು. ಎರಡನ್ನೂ ಕೂಡಿದರೆ 30. ಎರಡು ಆರೋಗ್ಯವಂತ ಬ್ಲಾಕ್‌ಗಳಿಗೆ ಬರಬೇಕಾದ ಮೊತ್ತವೇ. ಮಾಡ್ಯೂಲ್ ನಿಜವಾಗಿ ಸೋತಿದ್ದರೆ ಅದರ ಬ್ಲಾಕ್ ಮಾತ್ರ ಕುಸಿಯಬೇಕಿತ್ತು, ನೆರೆಯದು ಏರಲು ಕಾರಣವೇ ಇಲ್ಲ. ಒಂದು ಕಳೆದುಕೊಂಡಷ್ಟನ್ನೇ ಇನ್ನೊಂದು ಗಳಿಸಿದೆ ಎಂದರೆ ಅವೆರಡರ ಗಡಿಯಲ್ಲಿ ವೋಲ್ಟೇಜ್ ಅಳೆಯುವ ತಂತಿಯ ಸಂಪರ್ಕ ಕೆಟ್ಟಿರಬೇಕು. ಆ ತಂತಿ ಎರಡು ಬ್ಲಾಕ್‌ಗಳಿಗೂ ಒಂದೇ.

ಪ್ಯಾಕ್ ಬಿಚ್ಚುವ ಮುಂಚೆ ಒಂದು ಮಾತು. 1000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ಹಾಕಿ, 12 ವೋಲ್ಟ್ ಬ್ಯಾಟರಿಯ ಸಂಪರ್ಕ ತೆಗೆದು, ಕಿತ್ತಳೆ ಬಣ್ಣದ ಸರ್ವೀಸ್ ಪ್ಲಗ್ ಕಿತ್ತು ಜೇಬಿನಲ್ಲಿಟ್ಟುಕೊಂಡು ಹತ್ತು ನಿಮಿಷ ಕಾಯಿರಿ. ಪ್ಲಗ್ ತೆಗೆದರೆ ಸಾಲು ಎರಡು ತುಂಡಾಗುತ್ತದೆ ಅಷ್ಟೇ. ದೊಡ್ಡ ತುಂಡಿನಲ್ಲಿ ಜೀವ ತೆಗೆಯಬಲ್ಲ 100ಕ್ಕೂ ಹೆಚ್ಚು ವೋಲ್ಟ್ ಇದ್ದೇ ಇರುತ್ತದೆ. ವಿದ್ಯುತ್ ಕೆಲಸದ ಅನುಭವವಿಲ್ಲದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ದಾಖಲಿಸಿದ ಅಂಕಿಗಳನ್ನು ಬಲ್ಲವರಿಗೆ ಒಪ್ಪಿಸಿ.

ಮುಚ್ಚಳ ತೆಗೆದಾಗ ಮಾಡ್ಯೂಲ್‌ಗಳನ್ನು ಬೆಸೆಯುವ ತಾಮ್ರದ ಪಟ್ಟಿಗಳು ಕಪ್ಪಾಗಿದ್ದವು. ಒಂಬತ್ತು, ಹತ್ತರ ನಡುವಿನ ಪಟ್ಟಿಗೆ ಹಸಿರು ಕಿಲುಬು ಹಿಡಿದಿತ್ತು. ಅಳತೆ ತಂತಿಯ ತುದಿಯ ಬಳೆ, ಅದರ ಮೇಲಿನ ನಟ್ಟು ಎಲ್ಲಕ್ಕೂ ಅದೇ ಪುಡಿ. ಮಾಡ್ಯೂಲ್‌ಗಳ ಬಗ್ಗೆಯೂ ಖಾತ್ರಿಯಾಗಲೆಂದು ಹೆಡ್‌ಲೈಟಿನ 55 ವಾಟ್ ಬಲ್ಬನ್ನು ಒಂದೊಂದಕ್ಕೂ ಎರಡೆರಡು ನಿಮಿಷ ಜೋಡಿಸಿ ವೋಲ್ಟೇಜ್ ಇಳಿಯುವುದನ್ನು ಬರೆದುಕೊಂಡೆ. ಒಂಬತ್ತನೇ ಬ್ಲಾಕಿನ ಎರಡೂ ಮಾಡ್ಯೂಲ್‌ಗಳು ಉಳಿದವುಗಳಂತೆಯೇ ತಡೆದುಕೊಂಡವು.

ಪಟ್ಟಿಗಳನ್ನು ಉಪ್ಪು ಬೆರೆಸಿದ ವಿನೆಗರಿನಲ್ಲಿ ನೆನೆಹಾಕಿದೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಆಮೇಲೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿದೆ. ತಂತಿಯ ಬಳೆಯನ್ನು ನಯವಾದ ಮರಳುಕಾಗದದಿಂದ ಉಜ್ಜಿದೆ. ನಟ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ 5.4 ನ್ಯೂಟನ್ ಮೀಟರಿಗೆ ಬಿಗಿದೆ. ಅದಕ್ಕಿಂತ ಹೆಚ್ಚು ಬಿಗಿದರೆ ಪ್ಲಾಸ್ಟಿಕ್‌ನಲ್ಲಿ ಕೂತ ಬೋಲ್ಟು ಕಿತ್ತುಬರುವ ಅಪಾಯವಿದೆ. ಅದೇ ಏರಿನಲ್ಲಿ, ಅದೇ ಬಿಸಿಲಿನಲ್ಲಿ ಮತ್ತೆ ದಾಖಲಿಸಿದಾಗ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಬ್ಲಾಕಿನ ನಡುವಿನ ಅಂತರ 0.3 ವೋಲ್ಟ್ ದಾಟಲಿಲ್ಲ.

ನಂತರ ಗೆಳೆಯರೊಬ್ಬರು ಇದೇ ಸಂಕೇತ ತೋರಿಸುತ್ತಿದ್ದ ಕಾರು ತಂದರು. ಹೊರೆ ಬಿದ್ದಾಗ ಅವರ ನಾಲ್ಕನೇ ಬ್ಲಾಕ್ ಒಂದೇ ಕುಸಿಯಿತು. ಮೂರು, ಐದು ಅಲ್ಲಾಡಲಿಲ್ಲ. ಬಲ್ಬ್ ಹಚ್ಚಿದರೆ ಒಂದು ಮಾಡ್ಯೂಲ್ ಅರೆನಿಮಿಷದಲ್ಲೇ ಸೋತಿತು, ಇನ್ನೂ ಕೆಲವು ಹಿಂದೆಬಿದ್ದವು. ಅವರಿಗೆ ಹೊಸ ಪ್ಯಾಕನ್ನೇ ಹಾಕಿಸಿ ಎಂದೆ.