ಯಾವಾಗ, ಯಾರು, ಏನು ಅಂತ ಬರೆದಿಟ್ಟ ಮೇಲೆ

ಕೆಲಸ ಜಾಸ್ತಿಯಾಗಿ ತಲೆ ಭಾರ ಅಂತ ನಾವೆಲ್ಲ ಹೇಳುತ್ತೇವೆ, ಅಲ್ವಾ? ಆದರೆ ಮೈಮುರಿದು ದುಡಿದ ದಿನ ನನಗೆ ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ. ನಿದ್ದೆ ಕೆಡಿಸುತ್ತಿದ್ದದ್ದು ಇತ್ಯರ್ಥ ಆಗದೆ ಉಳಿದ ವಿಷಯಗಳು. ಅಮ್ಮನ ಕಣ್ಣಿನ ಪೊರೆ ಆಪರೇಷನ್‌ಗೆ ಯಾರು ರಜೆ ಹಾಕಬೇಕು, ಮಗಳ ಪಿಯುಸಿ ಫೀಸಿನ ಎರಡನೇ ಕಂತು, ಜಮೀನಿನ ಪಾಲಿನ ವಿಷಯ ಬಂದಾಗ ಅಣ್ಣ ಅಂದ ಒಂದು ಮಾತು. ದೀಪ ಆರಿಸಿದರೆ ಸಾಕು, ಒಂದೊಂದಾಗಿ ಎದ್ದು ಬರುತ್ತಿದ್ದವು.

ಮಗಳ ಹಳೆಯ ನೋಟ್‌ಬುಕ್‌ನಲ್ಲಿ ಖಾಲಿ ಹಾಳೆಗಳು ಉಳಿದಿದ್ದವು. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ತಲೆಯಲ್ಲಿದ್ದದ್ದನ್ನೆಲ್ಲ ಅದರಲ್ಲಿ ಬರೆಯತೊಡಗಿದೆ. ಸುಮ್ನೆ 'ಅಮ್ಮನ ಆಪರೇಷನ್' ಅಂತ ಬರೆದರೆ ಏನೂ ಹಗುರ ಆಗಲ್ಲ. ಹೀಗೆ ಬರೆಯಬೇಕು: 'ಮಂಗಳವಾರ ಬೆಳಿಗ್ಗೆ 10ಕ್ಕೆ ಆಸ್ಪತ್ರೆಗೆ ಫೋನ್. ತಾರೀಕು ಕೇಳೋದು. ಶುಗರ್ ರಿಪೋರ್ಟ್ ಹೊಸದು ಬೇಕಾ ಕೇಳೋದು. ಸಂಜೆ ಅತ್ತಿಗೆಗೆ ಮೆಸೇಜ್: ಆಸ್ಪತ್ರೆಗೆ ನಾನು, ಆಮೇಲೆ ಡ್ರಾಪ್ಸ್ ಹಾಕೋದು ಅವರು.' ಇಷ್ಟು ಬರೆದ ರಾತ್ರಿ ಆ ವಿಷಯ ಮತ್ತೆ ತಲೆಗೆ ಬರಲಿಲ್ಲ. ಕೆಲಸ ಒಂದೂ ಆಗಿರಲಿಲ್ಲ. ಯಾವಾಗ, ಯಾರು, ಏನು ಅಂತ ಗೊತ್ತಾಗಿತ್ತು, ಅಷ್ಟೇ.

ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ಇದನ್ನೇ 57 ಜನರನ್ನು ಲ್ಯಾಬ್‌ನಲ್ಲಿ ಮಲಗಿಸಿ ನೋಡಿ, 2018ರಲ್ಲಿ ಪ್ರಕಟಿಸಿದ್ದಾರೆ. ಮಲಗುವ ಮುಂಚೆ 5 ನಿಮಿಷ ಒಂದು ಗುಂಪು ಮುಂದೆ ಮಾಡಬೇಕಾದದ್ದನ್ನು ಬರೆಯಿತು, ಇನ್ನೊಂದು ಗುಂಪು ಮಾಡಿ ಮುಗಿಸಿದ್ದನ್ನು. ಮಾಡಬೇಕಾದದ್ದನ್ನು ಬರೆದವರಿಗೆ ಬೇಗ ನಿದ್ದೆ ಹತ್ತಿತು. ಅವರಲ್ಲೂ ಹೆಚ್ಚು ಬಿಡಿಸಿ ಬರೆದವರಿಗೆ ಇನ್ನೂ ಬೇಗ.

ಅಣ್ಣನ ಮಾತು ಮಾತ್ರ ಪಟ್ಟಿಗೆ ಬಗ್ಗುವಂಥದ್ದಲ್ಲ. ಅದಕ್ಕೆ ಯಾವ ತಾರೀಕು ಹಾಕುವುದು? ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನೆಬೇಕರ್ 1980ರ ದಶಕದಲ್ಲಿ ಶುರು ಮಾಡಿದ ಒಂದು ಕ್ರಮ ಇದೆ. ನೋವಾದ ವಿಷಯವನ್ನು 3-4 ದಿನ, ದಿನಕ್ಕೆ 15-20 ನಿಮಿಷ, ಕೈ ನಿಲ್ಲಿಸದೆ ಬರೆಯುವುದು. ಕಾಗುಣಿತ ನೋಡಬೇಕಿಲ್ಲ, ಯಾರಿಗೂ ತೋರಿಸಬೇಕಿಲ್ಲ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗಬಹುದು. ಹಾಗಾಗಿ ಇದನ್ನು ರಾತ್ರಿ ಮಾಡಬೇಡಿ. ನಾನು ಬೆಳಿಗ್ಗೆ ಮನೆಯವರು ಏಳುವ ಮುಂಚೆ ಬರೆಯುತ್ತಿದ್ದೆ. ವಾರಗಟ್ಟಲೆ ಊಟ ನಿದ್ದೆ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ನೋಟ್‌ಬುಕ್ ನೆಚ್ಚಿಕೊಂಡು ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ದಿನ ನನ್ನ ಹಾಳೆ ತುಂಬ ಬರೀ ಸಿಟ್ಟು. ಅಣ್ಣ ಹಾಗಂದ, ಹೀಗಂದ. ಮುಂದಿನ ಹಾಳೆಗಳಲ್ಲಿ ಅಪ್ಪ ಬರತೊಡಗಿದರು. ಅಪ್ಪ ಎದುರಿಗಿದ್ದಿದ್ದರೆ ಅಣ್ಣ ಹಾಗೆ ಅನ್ನುತ್ತಿರಲಿಲ್ಲ. ನಾನು ಸಿಟ್ಟು ಅಂದುಕೊಂಡಿದ್ದರಲ್ಲಿ ಅರ್ಧ, ಅಪ್ಪ ಇಲ್ಲ ಅನ್ನುವ ಸಂಕಟ. ಅದು ಕಣ್ಣಿಗೆ ಕಂಡ ಮೇಲೆ ಅಣ್ಣನಿಗೆ ಫೋನ್ ಮಾಡುವುದು ಅಷ್ಟು ಕಷ್ಟ ಅನ್ನಿಸಲಿಲ್ಲ. ಜಮೀನಿನ ಮಾತು ಎತ್ತಲಿಲ್ಲ. 'ಅಣ್ಣಾ, ಅಪ್ಪನ ತಿಥಿಗೆ ಊರಿಗೆ ಯಾವತ್ತು ಹೊರಡೋಣ?' ಅಂದೆ. 'ನೀನು ಹೇಳಿದ ದಿನ' ಅಂದ.

ಪಾಲಿನ ವಿಷಯ ಇನ್ನೂ ಬಗೆಹರಿದಿಲ್ಲ. ಆದರೆ ಅದಕ್ಕೂ ಈಗ ನನ್ನ ಪಟ್ಟಿಯಲ್ಲಿ ಒಂದು ಸಾಲು ಇದೆ: 'ತಿಥಿ ಆದ ಮಾರನೇ ದಿನ, ಅತ್ತಿಗೆಯೂ ಇರುವಾಗ, ಪಹಣಿ ಮುಂದಿಟ್ಟುಕೊಂಡು.'